ಹಳೇ ಎಲೆಕ್ಟ್ರಿಕ್ ರೇಂಜ್‌ಗೆ ಹೊಸ ವೈರಿಂಗ್: ಬಿಚ್ಚೋದ್ರಿಂದ ಹಿಡಿದು ಟೆಸ್ಟ್ ಮಾಡೋವರೆಗೆ

1930ರಿಂದ 1950ರ ದಶಕದವರೆಗೆ ಅಮೆರಿಕದಲ್ಲಿ ಬಂದ ಎಲೆಕ್ಟ್ರಿಕ್ ರೇಂಜ್‌ಗಳು, ಅಂದ್ರೆ ಮೇಲೆ ಮೂರೋ ನಾಲ್ಕೋ ಬರ್ನರ್, ಕೆಳಗೆ ಓವನ್, ಮೈತುಂಬ ಪೋರ್ಸಲೇನ್ ಎನಾಮಲ್ ಇರೋ ಆ ದಪ್ಪ ತಗಡಿನ ಒಲೆಗಳು, ಸುಮ್‌ಸುಮ್ನೆ ಕೆಟ್ಟೋಗಲ್ಲ. ಎಲಿಮೆಂಟ್, ಅಂದ್ರೆ ಕಾಯೋ ಸುರುಳಿ, ಅದರ ಒಳಗಿರೋದು ನೈಕ್ರೋಮ್ ತಂತಿ, 1906ರಲ್ಲಿ ಆಲ್ಬರ್ಟ್ ಮಾರ್ಷ್ ಪೇಟೆಂಟ್ ತಗೊಂಡ ನಿಕಲ್-ಕ್ರೋಮಿಯಂ ಮಿಶ್ರಲೋಹ, ಕೆಂಪಗೆ ಕಾದ್ರೂ ಮೇಲೊಂದು ಆಕ್ಸೈಡ್ ಪದರ ಕಟ್ಕೊಂಡು ತನ್ನನ್ನ ತಾನೇ ಕಾಪಾಡ್ಕೊಳ್ಳತ್ತೆ. ಸ್ವಿಚ್‌ಗಳೂ ಗಟ್ಟಿನೇ. ಹಾಳಾಗೋದು ಇವೆರಡರ ಮಧ್ಯ ಇರೋ ವೈರು, ಅದ್ರಲ್ಲೂ ಬರ್ನರ್ ಹತ್ರದ ಕೊನೇ ಒಂದು ಗೇಣು ಮತ್ತೆ ಅದರ ತುದೀಲಿರೋ ಜಾಯಿಂಟು. ಹಾಗಾಗಿ ಬರ್ನರ್ ಕಾಯ್ತಿಲ್ಲ ಅಂತ ಎಲಿಮೆಂಟ್ ಹುಡುಕೋಕೆ ಹೋಗೋ ಮುಂಚೆ ವೈರಿಂಗ್ ನೋಡಿ, ಮತ್ತೆ ಅದನ್ನ ರಿಪೇರಿ ಮಾಡೋದಾದ್ರೆ ಶಾಖ ತಡ್ಕೊಳ್ಳೋ ವೈರು, ಶಾಖ ತಡ್ಕೊಳ್ಳೋ ಟರ್ಮಿನಲ್ (ವೈರ್ ತುದಿಗೆ ಹಾಕೋ ಲೋಹದ ತುಂಡು) ಹಾಕಿ ಮಾಡಿ, ಇಲ್ಲಾಂದ್ರೆ ಮಾಡಿದ ಕೆಲಸನೇ ಮತ್ತೆ ಮಾಡ್ಬೇಕಾಗತ್ತೆ, ಅದೂ ಎಲ್ಲಾ ಸುಟ್ಟ ಮೇಲೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಇದು 240 ವೋಲ್ಟ್ ಕೆಲಸ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ರೆ ಬಿಚ್ಚೋದು, ಗುರುತು ಹಾಕೋದು, ಕ್ಲೀನ್ ಮಾಡೋದು ನೀವು ಮಾಡ್ಕೊಳ್ಳಿ, ಸಪ್ಲೈ ಅಳೆಯೋದು ಮತ್ತೆ ಕೊನೇ ಕನೆಕ್ಷನ್ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅದರಲ್ಲಿ ನಾಚ್ಕೊಳ್ಳೋದೇನೂ ಇಲ್ಲ.

ರೇಂಜ್ ಬಿಚ್ಚೋಕೂ ಮುಂಚೆ ಸಪ್ಲೈ ಸರಿ ಇದ್ಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಅರ್ಧ ಕಂಪ್ಲೇಂಟ್ ಅಲ್ಲೇ ಮುಗಿಯತ್ತೆ. ಈ ರೇಂಜ್‌ಗಳಿಗೆ ಬರೋದು ಎರಡು ಲೈವ್, ಒಂದು ನ್ಯೂಟ್ರಲ್. ಎರಡು ಲೈವ್ ಮಧ್ಯ 240 ವೋಲ್ಟ್, ಒಂದೊಂದು ಲೈವ್‌ನಿಂದ ನ್ಯೂಟ್ರಲ್‌ಗೆ 120. ಒಂದು ಲೈವ್ ಹೋದ್ರೂ ರೇಂಜ್ ಮೇಲಿನ ಗಡಿಯಾರ ಓಡ್ತಿರ್ಬಹುದು, ಲೈಟ್ ಉರೀತಿರ್ಬಹುದು, ಆದ್ರೆ ಓವನ್ ಕಾಯಲ್ಲ, ಬರ್ನರ್ ಹೈನಲ್ಲಿ ತಣ್ಣಗಿದ್ದು ಲೋನಲ್ಲಿ ಮಾತ್ರ ಸ್ವಲ್ಪ ಬೆಚ್ಚಗಾಗತ್ತೆ. ಜನ ಇದನ್ನ ನೋಡಿ ಕರೆಂಟ್ ಬರ್ತಿದೆಯಲ್ಲ, ಹಾಗಾದ್ರೆ ಎಲಿಮೆಂಟೇ ಹೋಗಿದೆ ಅಂದ್ಕೊಳ್ತಾರೆ. ಹೋಗಿರೋದು ಒಂದು ಫ್ಯೂಸ್ ಅಷ್ಟೇ. ಇನ್ನೊಂದು ಕೇಸ್, ನ್ಯೂಟ್ರಲ್ ಕಟ್ ಆಗಿರೋದು: ಹೈ ಚೆನ್ನಾಗಿ ಕೆಲಸ ಮಾಡತ್ತೆ, ಲೋ ಎಲ್ಲಾ ಹುಚ್ಚುಚ್ಚಾಗಿ ಆಡತ್ತೆ, ಲೈಟ್ ಒಮ್ಮೆ ಮಂಕು ಒಮ್ಮೆ ಜೋರು. ಇದು ನಿಜವಾಗ್ಲೂ ಅಪಾಯ. ತುಂಬಾ ಹಳೇ ರೇಂಜ್‌ಗಳಲ್ಲಿ ಒಲೆಯ ಲೋಹದ ಬಾಡಿನ ನ್ಯೂಟ್ರಲ್‌ಗೇ ಕಟ್ಟಿರ್ತಾರೆ, ಹಾಗಾಗಿ ನ್ಯೂಟ್ರಲ್ ಹೋದ್ರೆ ಬಾಡಿಗೇ ಕರೆಂಟ್ ಬರ್ಬಹುದು. ಅಂಥ ಲಕ್ಷಣ ಕಂಡ್ರೆ ಆ ಕ್ಷಣದಿಂದ ರೇಂಜ್ ಮುಟ್ಬೇಡಿ, ಬ್ರೇಕರ್ ಇಳಿಸಿ.

ಸರಿ, ಈಗ ಕೆಲಸಕ್ಕೆ. ಪ್ಲಗ್ ಕೀಳಿ, ಪ್ಲಗ್ ಇಲ್ದೆ ನೇರ ವೈರ್ ಮಾಡಿದ್ರೆ ಬ್ರೇಕರ್ ಇಳಿಸಿ, ಯಾರೂ ಏರಿಸದಂಗೆ ಅದರ ಮೇಲೆ ಟೇಪ್ ಅಂಟಿಸಿ, ಮುಟ್ಬೇಡಿ ಅಂತ ಬೋರ್ಡ್ ಹಾಕಿ. ಹಳೇ ಫ್ಯೂಸ್ ಬಾಕ್ಸ್ ಆದ್ರೆ ಎರಡೂ ಫ್ಯೂಸ್ ಕೀಳ್ಬೇಕು, ಒಂದು ಕಿತ್ತು ಬಿಟ್ರೆ ಇನ್ನೊಂದು ಲೈವ್ ಹಾಗೇ ಕೂತಿರತ್ತೆ. ಟೆಸ್ಟರ್‌ನ ಮೊದ್ಲು ಕರೆಂಟ್ ಇರೋ ಒಂದು ಸಾಕೆಟ್‌ನಲ್ಲಿ ನೋಡಿ, ಆಮೇಲೆ ರೇಂಜ್ ಟರ್ಮಿನಲ್‌ನಲ್ಲಿ, ಮತ್ತೆ ಆ ಸಾಕೆಟ್‌ನಲ್ಲಿ. ಟೆಸ್ಟರ್ ಮಧ್ಯದಲ್ಲೇ ಕೆಟ್ಟಿದ್ರೆ ಗೊತ್ತಾಗೋದು ಹೀಗೇನೇ.

ಹಿಂದಿನ ಪ್ಯಾನಲ್ ತೆಗೆದ ತಕ್ಷಣ ಕೈ ಹಾಕ್ಬೇಡಿ. ಒಳಗಿರೋ ವೈರ್ ನೋಡಿ, ಮೇಲೆ ಹತ್ತಿ ನೂಲಿನ ಹೆಣಿಗೆ, ಅದು ಹರಿದಿರೋ ಕಡೆ ಒಳಗೆ ಬೂದು-ಬಿಳಿ ಬಣ್ಣದ ನಾರು ನಾರಾದ ಪದರ ಕಾಣ್ತಿದ್ರೆ ಅದು ಕಲ್ನಾರು, ಆಸ್ಬೆಸ್ಟಸ್, ಅಂತಾನೇ ತಿಳ್ಕೊಳ್ಳಿ. ಆ ಕಾಲದಲ್ಲಿ ಶಾಖ ತಡೆಯೋ ವೈರ್ ಅಂದ್ರೆ ಅದೇ. ಕಣ್ಣಲ್ಲಿ ನೋಡಿ ಹೌದು ಅಲ್ಲ ಹೇಳೋಕಾಗಲ್ಲ, ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿದ್ರೆ ಮಾತ್ರ ಗೊತ್ತಾಗತ್ತೆ, ಅಲ್ಲೀವರೆಗೆ ಹೌದು ಅಂತಾನೇ ಕೆಲಸ ಮಾಡ್ಬೇಕು. ಪಿ100 ಅಥವಾ ಎಫ್‌ಎಫ್‌ಪಿ3 ಮಾಸ್ಕ್, ಗ್ಲೌಸ್, ಮತ್ತೆ ಹಳೇ ಬಟ್ಟೆ ಹಾಕ್ಕೊಳ್ಳಿ, ಅದನ್ನ ಆಮೇಲೆ ಬೇರೆ ಬಟ್ಟೆ ಜೊತೆ ತೊಳೀಬೇಡಿ. ಸ್ಪ್ರೇ ಬಾಟಲ್‌ನಲ್ಲಿ ನೀರು, ಅದಕ್ಕೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಇದನ್ನ ವೈರ್ ಮೇಲೆ ಮಂಜಿನ ಥರ ಹೊಡ್ದು ನೆನೆಸಿ, ಒದ್ದೆ ಇದ್ರೆ ನಾರು ಗಾಳೀಲಿ ಹಾರಲ್ಲ. ಊದಬೇಡಿ, ಬ್ರಷ್ ಹಾಕ್ಬೇಡಿ, ಕಂಪ್ರೆಸರ್ ಗಾಳಿ ಬಿಡ್ಬೇಡಿ, ಮನೆ ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡ್ವೇ ಬೇಡ, ಅದು ನಾರನ್ನ ಫಿಲ್ಟರ್ ದಾಟಿಸಿ ಇಡೀ ಮನೆಗೆ ಹರಡತ್ತೆ. ಮುಖ್ಯವಾಗಿ ಆ ವೈರ್‌ನ ಇನ್ಸುಲೇಷನ್ ಸುಲೀಬೇಡಿ. ಟರ್ಮಿನಲ್‌ನಿಂದ ಟರ್ಮಿನಲ್‌ವರೆಗೆ ಇಡೀ ವೈರ್ ಹಾಗೇ ತೆಗೆದು, ಒದ್ದೆ ಇರುವಾಗ್ಲೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನ ಇನ್ನೊಂದು ಚೀಲದಲ್ಲಿ ಹಾಕಿ ಕಟ್ಟಿ, ನಿಮ್ಮಲ್ಲಿರೋ ಕಾನೂನಿನ ಪ್ರಕಾರ ವಿಲೇವಾರಿ ಮಾಡಿ. ಓವನ್ ಬಾಗಿಲ ಸುತ್ತ ಇರೋ ಹಗ್ಗದ ಥರದ ಗ್ಯಾಸ್ಕೆಟ್, ಟರ್ಮಿನಲ್ ಹಿಂದಿನ ಬೂದು ಹಲಗೆ, ಇವೂ ಅದೇ ಇರ್ಬಹುದು, ಚೆನ್ನಾಗಿದ್ರೆ ಅಲ್ಲಾಡಿಸ್ದೆ ಬಿಟ್ಬಿಡಿ.

ಇನ್ನು ಫೋಟೋ, ಇದನ್ನ ವೈರ್ ತೆಗೆಯೋ ಮುಂಚೆನೇ ಮಾಡ್ಬೇಕು. ಎಷ್ಟು ತೆಗೆದ್ರೂ ಕಮ್ಮಿನೇ, ಪ್ರತಿ ಸ್ವಿಚ್‌ನ ಎರಡು ಕಡೆಯಿಂದ ತೆಗೀರಿ. ವೈರಿಂಗ್ ಡಯಾಗ್ರಾಮ್ ಬಹಳಷ್ಟು ರೇಂಜ್‌ಗಳಲ್ಲಿ ಹಿಂದಿನ ಪ್ಯಾನಲ್‌ನ ಒಳಮೈಗೇ ಅಂಟಿಸಿರ್ತಾರೆ, ಇಲ್ಲಾ ಕೆಳಗಿನ ಡ್ರಾಯರ್ ಹಿಂದೆ ಇರತ್ತೆ, ನೀರು ಹೊಡೆಯೋ ಮುಂಚೆ ಅದರ ಫೋಟೋ ತಗೊಳ್ಳಿ. ವೈರ್ ಬಣ್ಣ ನಂಬೋಕಾಗಲ್ಲ, ಕೆಂಪು ನೂಲು ಕಾದು ಕಾದು ಕಂದು ಆಗಿರತ್ತೆ, ಬಿಳೀದೂ ಕಂದು ಆಗಿರತ್ತೆ. ಹಾಗಾಗಿ ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಚೀಟಿ ಕಟ್ಟಿ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಪದ್ಧತಿ ಅಂದ್ರೆ ಒಂದು ವೈರ್ ತೆಗೀರಿ, ಅದರ ಅಳತೆಗೆ ಹೊಸದು ಮಾಡಿ, ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲಾ ಒಟ್ಟಿಗೆ ಕಿತ್ತು ಗುಡ್ಡೆ ಹಾಕೋದು ಬೇಗ ಅನ್ಸತ್ತೆ, ವಾಪಸ್ ಹಾಕುವಾಗ ಅದರ ಬೆಲೆ ಗೊತ್ತಾಗತ್ತೆ.

ಇಲ್ಲಿ ಸ್ವಿಚ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ಲೇಬೇಕು, ಯಾಕಂದ್ರೆ ಈ ಹಳೇ ರೇಂಜ್‌ನ ಬುದ್ಧಿವಂತಿಕೆ ಎಲ್ಲಾ ಅಲ್ಲೇ ಇರೋದು, ಮತ್ತೆ ಇದು ಅರ್ಥ ಆಗದೆ ವೈರ್ ಹಾಕೋಕೆ ಹೋದ್ರೆ ಕತ್ತಲಲ್ಲಿ ಕೈ ಆಡಿಸಿದ ಹಾಗೆ. ಈಗಿನ ಒಲೆಗಳಲ್ಲಿ ಕರೆಂಟ್ ಆನ್-ಆಫ್ ಆಗ್ತಾ ಶಾಖ ಕಮ್ಮಿ ಜಾಸ್ತಿ ಮಾಡತ್ತೆ. ಆಗಿನದ್ದು ಹಾಗಲ್ಲ, ಒಂದು ಬರ್ನರ್‌ನಲ್ಲಿ ಎರಡು ಕಾಯಿಲ್ ಇರತ್ತೆ, ಸ್ವಿಚ್ ಆ ಎರಡನ್ನ ಬೇರೆ ಬೇರೆ ಥರ ಜೋಡಿಸತ್ತೆ, ಕೆಲವೊಮ್ಮೆ 240ಕ್ಕೆ, ಕೆಲವೊಮ್ಮೆ 120ಕ್ಕೆ. ಉದಾಹರಣೆಗೆ ಒಂದೊಂದು ಕಾಯಿಲ್ 240 ವೋಲ್ಟ್‌ನಲ್ಲಿ 1000 ವ್ಯಾಟ್ ಅಂದ್ಕೊಳ್ಳಿ. ಎರಡೂ ಪ್ಯಾರಲಲ್ ಆಗಿ 240ಕ್ಕೆ ಹಾಕಿದ್ರೆ 2000 ವ್ಯಾಟ್, ಅದು ಹೈ. ಒಂದೇ ಕಾಯಿಲ್ 240ಕ್ಕೆ, 1000. ಎರಡೂ 120ಕ್ಕೆ ಹಾಕಿದ್ರೆ 1000 ಅಲ್ಲ, 500, ಯಾಕಂದ್ರೆ ವೋಲ್ಟೇಜ್ ಅರ್ಧ ಆದ್ರೆ ಪವರ್ ಕಾಲು ಭಾಗ ಆಗತ್ತೆ. ಒಂದೇ ಕಾಯಿಲ್ 120ಕ್ಕೆ, 250. ಎರಡನ್ನೂ ಸೀರೀಸ್ ಮಾಡಿ 120ಕ್ಕೆ ಹಾಕಿದ್ರೆ 125 ವ್ಯಾಟ್, ಅದು ಬರೀ ಬಿಸಿ ಇಟ್ಕೊಳ್ಳೋಕೆ. ಕಂಪನಿಯಿಂದ ಕಂಪನಿಗೆ ಜೋಡಣೆ ಬೇರೆ ಇರತ್ತೆ, ಐದು ಮಟ್ಟದ ಶಾಖದ್ದು, ಏಳು ಮಟ್ಟದ್ದು ಎರಡೂ ಇವೆ, ಆದ್ರೆ ಐಡಿಯಾ ಇದೇ.

ಇದ್ರಿಂದ ಬರ್ನರ್ ಟೆಸ್ಟ್ ಮಾಡೋದು ಸುಲಭ. ಬರ್ನರ್‌ನಿಂದ ಮೂರು ತುದಿ ಬರತ್ತೆ, ಒಂದು ಕಾಮನ್, ಉಳಿದೆರಡು ಒಂದೊಂದು ಕಾಯಿಲ್‌ದು. ವೈರ್ ಬಿಚ್ಚಿಟ್ಟು ಓಮ್ ಮೀಟರ್‌ನಲ್ಲಿ ಮೂರು ಜೋಡಿ ಅಳೀರಿ. ಮೇಲಿನ ಉದಾಹರಣೆಯಲ್ಲಿ ಎರಡು ಜೋಡಿ ಸುಮಾರು 57 ಓಮ್, ಒಂದು ಜೋಡಿ ಸುಮಾರು 115 ಓಮ್ ಬರತ್ತೆ. ಆ ಜಾಸ್ತಿ ಬಂದ ಜೋಡೀಲಿ ಇಲ್ಲದ ತುದಿನೇ ಕಾಮನ್. ಲೆಕ್ಕ ಇಷ್ಟೇ, ವೋಲ್ಟೇಜ್ ಇಂಟು ವೋಲ್ಟೇಜ್, ಅದನ್ನ ವ್ಯಾಟ್‌ನಿಂದ ಭಾಗಿಸಿ. 3000 ವ್ಯಾಟ್‌ನ ಓವನ್ ಎಲಿಮೆಂಟ್ ಆದ್ರೆ 19 ಓಮ್ ಚಿಲ್ಲರೆ. ತಣ್ಣಗಿದ್ದಾಗ ಸ್ವಲ್ಪ ಕಮ್ಮಿ ತೋರ್ಸತ್ತೆ, ತಲೆ ಕೆಡಿಸ್ಕೊಬೇಡಿ. ಮೂರು ವೈರ್‌ನಲ್ಲಿ ಎರಡು ಅದಲು ಬದಲಾದ್ರೂ ಬರ್ನರ್ ಕಾಯತ್ತೆ, ಆದ್ರೆ ನಾಬ್ ಮೇಲೆ ಬರ್ದಿರೋದಕ್ಕೂ ಬರೋ ಶಾಖಕ್ಕೂ ಸಂಬಂಧ ಇರಲ್ಲ, ಚೀಟಿ ಕಟ್ಟಿ ಅಂದಿದ್ದು ಅದಕ್ಕೇ.

ಸ್ವಿಚ್‌ನೂ ಹಾಗೇ ನೋಡ್ಬಹುದು, ವೈರ್ ತೆಗೆದು ಪ್ರತಿ ಪೊಸಿಷನ್‌ನಲ್ಲಿ ಯಾವ ಟರ್ಮಿನಲ್ ಯಾವುದಕ್ಕೆ ಸೇರತ್ತೆ ಅಂತ ಒಂದು ಕಾಗದದ ಮೇಲೆ ಬರ್ಕೊಳ್ಳಿ. ಸೇರಿರೋ ಕಡೆ, ಮೀಟರ್‌ನ ವೈರಿಂದೇ ರೆಸಿಸ್ಟೆನ್ಸ್ ಕಳೆದ್ರೆ, ರೀಡಿಂಗ್ ಸೊನ್ನೆ ಹತ್ರ ಬರ್ಬೇಕು. ಸ್ವಿಚ್ ಒಳಗೆ ಒಂದಕ್ಕೊಂದು ತಾಗೋ ಕಾಂಟ್ಯಾಕ್ಟ್ ಕಪ್ಪಾಗಿದ್ರೆ ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಬೆಳ್ಳಿ ಪದರ ಹೋಗ್ಬಿಡತ್ತೆ. ದಪ್ಪ ಕಾಗದದ ಪಟ್ಟಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಕಾಂಟ್ಯಾಕ್ಟ್ ಮಧ್ಯ ಹಿಡಿದು ಎಳೀರಿ, ಕಾಗದ ಕಪ್ಪಾಗಿ ಬರೋದು ನಿಲ್ಲೋವರೆಗೆ. ಗುಳಿ ಬಿದ್ದು ಕರಗಿದ್ರೆ ಆ ಸ್ವಿಚ್ ಬದಲಾಯಿಸ್ಲೇಬೇಕು.

ಈಗ ವೈರ್. ಮನೆ ವೈರಿಂಗ್‌ದು ಉಳಿದಿರೋ ಪಿವಿಸಿ ವೈರ್ ತುಂಡು ಹಾಕೋದನ್ನ ತುಂಬಾ ಕಡೆ ನೋಡಿದೀನಿ, ದಯವಿಟ್ಟು ಮಾಡ್ಬೇಡಿ, ಅದರ ತಾಕತ್ತು 70ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ ಅಷ್ಟೇ, ಬರ್ನರ್ ಕೆಳಗೆ ಅದು ಕರಗಿ ತೊಟ್ಟಿಕ್ಕತ್ತೆ. ಬೇಕಾಗಿರೋದು ಅಪ್ಲಯನ್ಸ್ ವೈರ್, ಅಂದ್ರೆ ಬಿಸಿ ಆಗೋ ಉಪಕರಣದ ಒಳಗೆ ಹಾಕೋಕೇ ಮಾಡಿದ್ದು. ಎಲಿಮೆಂಟ್ ಹತ್ರ, ಓವನ್ ಗೋಡೆ ಹತ್ರ ಎಂಜಿ ವೈರ್ ಹಾಕಿ, ಮೈಕಾ ಮತ್ತೆ ಗ್ಲಾಸ್ ಸುತ್ತಿದ್ದು, 450 ಡಿಗ್ರಿ ತಡ್ಕೊಳ್ಳತ್ತೆ. ಸ್ವಿಚ್ ಪ್ಯಾನಲ್‌ನಲ್ಲಿ, ಹೊರಗಿನ ಸಪ್ಲೈ ಬಂದು ಸೇರೋ ಮೇನ್ ಟರ್ಮಿನಲ್ ಬ್ಲಾಕ್‌ನಿಂದ ಮೇಲಕ್ಕೆ ಹೋಗೋ ಕಡೆ ಟಿಜಿಜಿಟಿ ಅನ್ನೋ ವೈರ್ ಸಾಕು, ಅದು 250 ಡಿಗ್ರಿ. ಸಿಲಿಕೋನ್ ರಬ್ಬರ್ ಮೇಲೆ ಗ್ಲಾಸ್ ಹೆಣಿಗೆ ಇರೋ ವೈರ್ 150ರಿಂದ 200 ಡಿಗ್ರಿದು ಸಿಗತ್ತೆ, ಮೆತ್ತಗೆ ಬಗ್ಗತ್ತೆ, ಗಡಿಯಾರಕ್ಕೆ ಲೈಟ್‌ಗೆ ಅದು ಚೆನ್ನಾಗಿದೆ. ದಪ್ಪ ಎಷ್ಟು ಅಂದ್ರೆ ಮೊದಲಿದ್ದಷ್ಟು ಅಥವಾ ಒಂದು ಸೈಜ್ ಮೇಲೆ, ಯಾವತ್ತೂ ಕೆಳಗೆ ಇಳೀಬೇಡಿ. 2000 ವ್ಯಾಟ್ ಬರ್ನರ್ 240 ವೋಲ್ಟ್‌ನಲ್ಲಿ 8.3 ಆಂಪ್ ಎಳೆಯತ್ತೆ, ಅಂಥ ಕಡೆ 14 ಗೇಜ್ ಅಂದ್ರೆ ಸುಮಾರು 2 ಚದರ ಮಿಲಿಮೀಟರ್ ಇರೋದು ಸಾಮಾನ್ಯ. ಮೇನ್ ಬ್ಲಾಕ್‌ನಿಂದ ಹೊರಡೋ ವೈರ್ ಎಲ್ಲಾ ಬರ್ನರ್‌ಗಳ ಭಾರ ಹೊರತ್ತೆ, ಅದು ಇನ್ನೂ ದಪ್ಪ ಇರತ್ತೆ, ಹಾಗೇ ಉಳಿಸಿ.

ಜಾಯಿಂಟ್ ಹೇಗೆ ಸುಡತ್ತೆ ಅಂತ ಒಂದು ಲೆಕ್ಕ ನೋಡಿ. ಸಡಿಲ ಆದ ಒಂದು ಸ್ಕ್ರೂ, ಅಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್, ಅದರ ಮೂಲಕ 8.3 ಆಂಪ್ ಹೋದ್ರೆ ಆ ಒಂದು ಸ್ಕ್ರೂನಲ್ಲೇ ಸುಮಾರು 35 ವ್ಯಾಟ್ ಶಾಖ ಹುಟ್ಟತ್ತೆ, ಒಂದು ಸಣ್ಣ ಸಾಲ್ಡರಿಂಗ್ ಐರನ್ ಅಲ್ಲಿ ಸದಾ ಕೂತಿದ್ದಂಗೆ. ಕಾದಷ್ಟೂ ಆಕ್ಸೈಡ್ ಜಾಸ್ತಿ, ಆಕ್ಸೈಡ್ ಜಾಸ್ತಿ ಆದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಮತ್ತೆ ಇನ್ನೂ ಶಾಖ. ಹೀಗೆ ಸುಟ್ಟ ಟರ್ಮಿನಲ್ ಹತ್ರದಿಂದ ನೋಡಿ: ಉಂಗುರ ನೀಲಿ-ನೇರಳೆ ಬಣ್ಣಕ್ಕೆ ತಿರುಗಿರತ್ತೆ, ವೈರ್ ಒಳಗೆ ಹೋಗೋ ಬಾಯಲ್ಲಿ ತಾಮ್ರದ ಎಳೆಗಳು ಕಪ್ಪಾಗಿ ಮುಟ್ಟಿದ್ರೆ ಪುಡಿ ಆಗತ್ತೆ, ಹತ್ರದ ಇನ್ಸುಲೇಷನ್ ಬಿರುಸಾಗಿ ಸಿಪ್ಪೆ ಸಿಪ್ಪೆ ಏಳತ್ತೆ. ಅಂಥ ವೈರ್‌ನ ತುದಿ ಮಾತ್ರ ಕತ್ತರಿಸಿ ಹೊಸ ಟರ್ಮಿನಲ್ ಹಾಕಿದ್ರೆ ನಿಲ್ಲಲ್ಲ, ಕಪ್ಪು ತಾಮ್ರದ ಮೇಲೆ ಕ್ರಿಂಪ್, ಅಂದ್ರೆ ಟರ್ಮಿನಲ್ ಕೊಳವೆನ ತಂತಿ ಮೇಲೆ ಒತ್ತಿ ಕೂರಿಸೋದು, ಹಿಡಿಯಲ್ಲ. ಇಡೀ ವೈರ್ ಬದಲಾಯಿಸಿ.

ಟರ್ಮಿನಲ್ ಕೂಡ ಹಾಗೇ, ಕೆಂಪು ನೀಲಿ ಪ್ಲಾಸ್ಟಿಕ್ ತೋಳು ಇರೋ ಮಾಮೂಲಿ ತವರ ಲೇಪನದ್ದು ಇಲ್ಲಿಗಲ್ಲ. ನಿಕಲ್ ಲೇಪಿಸಿದ ಸ್ಟೀಲ್ ರಿಂಗ್ ಟರ್ಮಿನಲ್ ತಗೊಳ್ಳಿ, ಹೈ ಟೆಂಪರೇಚರ್ ಅಂತಾನೇ ಸಿಗತ್ತೆ, 482 ಡಿಗ್ರಿವರೆಗೆ ಬರತ್ತೆ. ಬೆಸುಗೆ ಹಾಕ್ಬೇಡಿ, ಮಾಮೂಲಿ ತವರ-ಸೀಸದ ಸಾಲ್ಡರ್ 183 ಡಿಗ್ರಿಗೇ ಕರಗೋಕೆ ಶುರುವಾಗತ್ತೆ, ಬರ್ನರ್ ಹೈನಲ್ಲಿದ್ದಾಗ ಜಾಯಿಂಟ್ ತಾನಾಗೇ ಕಳಚ್ಕೊಳ್ಳತ್ತೆ. ಕ್ರಿಂಪ್ ಒಂದೇ ದಾರಿ, ಅದೂ ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ, ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದ್ದು ಕ್ರಿಂಪ್ ಅಲ್ಲ. ಗ್ಲಾಸ್ ಹೆಣಿಗೆನ ಸ್ವಲ್ಪ ಹಿಂದಕ್ಕೆ ತಳ್ಳಿ, ಒಳಗಿನ ಮೈಕಾ ಟೇಪ್ ಬಿಡಿಸಿ, ಟರ್ಮಿನಲ್ ಕೊಳವೆ ಉದ್ದಕ್ಕಿಂತ ಒಂದೇ ಒಂದು ಕೂದಲು ಜಾಸ್ತಿ ಬರೀ ತಂತಿ ಬಿಡಿ, ಒಂದೂ ಎಳೆ ಕತ್ತರಿಸಿಹೋಗ್ಬಾರ್ದು. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಜಾರಿದ್ರೆ ಬಿಸಾಕಿ ಹೊಸದು ಹಾಕಿ. ಗ್ಲಾಸ್ ನೂಲು ಚರ್ಮಕ್ಕೆ ಕಡಿಯತ್ತೆ, ಗ್ಲೌಸ್ ಬಿಚ್ಬೇಡಿ.

ಎಲಿಮೆಂಟ್ ಪಿನ್ ಮೇಲಿನ ನಟ್ ತುಕ್ಕು ಹಿಡಿದಿದ್ರೆ ಬಲ ಹಾಕಿ ತಿರುಗಿಸ್ಬೇಡಿ, ಪಿನ್ ಮುರಿದು ಬಂದ್ರೆ ಆ ಎಲಿಮೆಂಟ್ ಕಥೆ ಮುಗೀತು. ಎರಡು ಸ್ಪ್ಯಾನರ್ ಬೇಕು, ಒಂದ್ರಲ್ಲಿ ಒಳಗಿನ ನಟ್ ಅಲ್ಲಾಡದಂಗೆ ಹಿಡ್ಕೊಂಡು ಇನ್ನೊಂದ್ರಲ್ಲಿ ಹೊರಗಿನದ್ದು ನಿಧಾನವಾಗಿ ಬಿಡಿಸ್ಬೇಕು, ಮೊದ್ಲು ರಾತ್ರಿಯಿಡೀ ತುಕ್ಕು ಬಿಡಿಸೋ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಬಿಡಿ, ಆಮೇಲೆ ಎಣ್ಣೆ ಪೂರ್ತಿ ಒರೆಸಿ. ವಾಪಸ್ ಹಾಕುವಾಗ ಸ್ಟೇನ್‌ಲೆಸ್ ಸ್ಕ್ರೂ, ಲಾಕ್ ವಾಷರ್. ಓವನ್ ಥರ್ಮೋಸ್ಟಾಟ್‌ನಿಂದ ಹೋಗೋ ತೆಳ್ಳಗಿನ ತಾಮ್ರದ ಬಣ್ಣದ ನಳಿಕೆ ವೈರ್ ಅಲ್ಲ, ಅದು ಕ್ಯಾಪಿಲರಿ, ಒಳಗೆ ದ್ರವ ಇರತ್ತೆ, ಅದನ್ನ ಮಡಚಿದ್ರೆ ಥರ್ಮೋಸ್ಟಾಟ್ ಹೋಯ್ತು.

ಮುಂದೆ ಇರೋ ಚಿಕ್ಕ ಸಾಕೆಟ್‌ಗೆ, ಗಡಿಯಾರಕ್ಕೆ ತಿರುಪಿ ಹಾಕೋ 15 ಆಂಪ್ ಫ್ಯೂಸ್ ಇರತ್ತೆ, ಅದು ಪದೇ ಪದೇ ಹೋದ್ರೆ ದೊಡ್ಡ ಫ್ಯೂಸ್ ಹಾಕ್ಬೇಡಿ, ಒಳಗಿನ ಹಳೇ ರಬ್ಬರ್ ವೈರ್ ಉದುರಿದ್ಯಾ ನೋಡಿ. ಹೊರಗಿನ ಕಾರ್ಡ್ ವಿಷಯ: ಅಮೆರಿಕದಲ್ಲಿ ಮೊದ್ಲು ಮೂರು ವೈರ್ ಕಾರ್ಡ್ ಬಳಸಿ ಬಾಡಿನ ನ್ಯೂಟ್ರಲ್‌ಗೆ ಕಟ್ಟೋಕೆ ಬಿಡ್ತಿದ್ರು, 1996ರ ಎಲೆಕ್ಟ್ರಿಕಲ್ ಕೋಡ್‌ನಿಂದ ಹೊಸ ಕನೆಕ್ಷನ್‌ಗೆ ಪ್ರತ್ಯೇಕ ಅರ್ಥ್ ಇರೋ ನಾಲ್ಕು ವೈರ್ ಬೇಕು. ನಾಲ್ಕು ವೈರ್ ಹಾಕಿದ್ರೆ ಟರ್ಮಿನಲ್ ಬ್ಲಾಕ್‌ನಿಂದ ಬಾಡಿಗೆ ಹೋಗೋ ಪಟ್ಟಿ ತೆಗೀಲೇಬೇಕು, ಅಷ್ಟಕ್ಕೆ ನಿಲ್ಲಿಸ್ದೆ ನ್ಯೂಟ್ರಲ್‌ಗೂ ಬಾಡಿಗೂ ಮಧ್ಯ ಮೀಟರ್ ಇಟ್ಟು ನೋಡಿ, ಕೆಲವು ರೇಂಜ್‌ನಲ್ಲಿ ಒಳಗೆ ಇನ್ನೆಲ್ಲೋ, ಲ್ಯಾಂಪ್ ಹೋಲ್ಡರ್ ಹತ್ರನೋ ಏನೋ, ಮತ್ತೆ ಸೇರಿಸಿರ್ತಾರೆ. ಇನ್ನು ಬರೀ 230 ವೋಲ್ಟ್ ಲೈವ್-ನ್ಯೂಟ್ರಲ್ ಇರೋ ದೇಶದಲ್ಲಿ ಈ ರೇಂಜ್‌ನ ನೇರ ಸಿಕ್ಕಿಸೋಕಾಗಲ್ಲ, ಮಧ್ಯದ 120ರ ಜಾಗಕ್ಕೆ 230 ಹೋದ್ರೆ ಲೋ ಅನ್ನೋದು ಹೈ ಆಗತ್ತೆ, ಗಡಿಯಾರದ ಮೋಟಾರ್ ಸುಟ್ಟೋಗತ್ತೆ. ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರ್, ಅಂದ್ರೆ 240ರ ಮಧ್ಯದಿಂದ ಒಂದು ನ್ಯೂಟ್ರಲ್ ತೆಗೆದಿರೋದು, ಬೇಕು, ಅದು ಹಾಕಿದ್ರೂ 60 ಹರ್ಟ್ಜ್ ಗಡಿಯಾರ 50 ಹರ್ಟ್ಜ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳತ್ತೆ.

ಎಲ್ಲಾ ಹಾಕಿ ಆದ್ಮೇಲೆ ನೀರು ಹೊಡೆದ ಒದ್ದೆ ಪೂರ್ತಿ ಒಣಗ್ಲಿ. ಆಮೇಲೆ ಇನ್ಸುಲೇಷನ್ ಟೆಸ್ಟ್: 500 ವೋಲ್ಟ್ ಮೆಗ್ಗರ್‌ನಲ್ಲಿ, ಅಂದ್ರೆ ಇನ್ಸುಲೇಷನ್ ಅಳೆಯೋ ಮೀಟರ್‌ನಲ್ಲಿ, ಪ್ರತಿ ಎಲಿಮೆಂಟ್‌ನಿಂದ ಬಾಡಿಗೆ ನೋಡಿ, 1 ಮೆಗಾಓಮ್ ಮೇಲಿರ್ಬೇಕು. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ರೇಂಜ್‌ನಲ್ಲಿ ಕಮ್ಮಿ ಬಂದ್ರೆ ಗಾಬರಿ ಬೇಡ, ಕೊಳವೆ ಥರದ ಎಲಿಮೆಂಟ್ ಒಳಗೆ ತುಂಬಿರೋ ಮೆಗ್ನೀಷಿಯಂ ಆಕ್ಸೈಡ್ ಗಾಳಿಯಿಂದ ತೇವ ಹೀರ್ಕೊಂಡಿರತ್ತೆ. ಎಲಿಮೆಂಟ್ ಬಿಚ್ಚಿ ಇನ್ನೊಂದು ಓವನ್‌ನಲ್ಲಿ 120 ಡಿಗ್ರಿ ಸುತ್ತಮುತ್ತ ಕೆಲವು ಗಂಟೆ ಇಟ್ಟು ಮತ್ತೆ ಅಳೀರಿ, ತೇವ ಆಗಿದ್ರೆ ರೀಡಿಂಗ್ ಏರತ್ತೆ, ಏರ್ಲಿಲ್ಲ ಅಂದ್ರೆ ಎಲಿಮೆಂಟೇ ಸೋರ್ತಿದೆ ಅಂತ ಅರ್ಥ, ಅದನ್ನ ಹಾಕ್ಬೇಡಿ.

ಮೊದಲ ಸಲ ಕರೆಂಟ್ ಕೊಡುವಾಗ ಪ್ಯಾನಲ್‌ಗಳು ಮುಚ್ಚಿರ್ಲಿ, ಕಿಟಕಿ ತೆಗೆದಿರ್ಲಿ. ಒಂದೊಂದೇ ಬರ್ನರ್, ಲೋನಿಂದ ಶುರು ಮಾಡಿ ಮೇಲಕ್ಕೆ. ಹೊಸ ವೈರ್‌ನ ವಾರ್ನಿಶ್, ಉಳಿದ ಎಣ್ಣೆ, ಸ್ವಲ್ಪ ಹೊಗೆ ವಾಸನೆ ಬರತ್ತೆ, ಹೋಗ್ಬಿಡತ್ತೆ. ಆದ್ರೆ ಮೀನು ಸುಟ್ಟಂಥ ವಾಸನೆ, ಚಿಟಪಟ ಶಬ್ದ, ಸ್ವಿಚ್ ನಾಬ್ ಬುಡ ಬಿಸಿ ಆಗೋದು, ಇದ್ರಲ್ಲಿ ಯಾವುದಾದ್ರೂ ಬಂದ್ರೆ ಆಫ್ ಮಾಡಿ, ಒಂದು ಜಾಯಿಂಟ್ ಸಡಿಲ ಇದೆ. ಎಲ್ಲಾ ಸರಿ ಇದ್ರೂ ಕೆಲವು ದಿನ ಅಡುಗೆ ಮಾಡಿದ ಮೇಲೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಪ್ಯಾನಲ್ ತೆಗೆದು ಪ್ರತಿ ಸ್ಕ್ರೂ ಮತ್ತೊಮ್ಮೆ ಬಿಗಿ ಮಾಡಿ, ಕಾದು ತಣ್ಣಗಾಗಿ ಲೋಹ ಕೂತ್ಕೊಂಡಾಗ ಒಂದೆರಡು ಸ್ಕ್ರೂ ಕಾಲು ಸುತ್ತು ತಿರುಗೇ ತಿರುಗತ್ತೆ, ಅದ್ರಲ್ಲೂ ಮೇನ್ ಬ್ಲಾಕ್‌ನ ಆ ಮೂರು ದೊಡ್ಡ ಸ್ಕ್ರೂಗಳು.